ಪೂಜೆಗಿಟ್ಟ ಸ್ಪ್ಯಾನರ್

ಆಯುಧಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಮರುಪೂಜೆ ಆಗುವವರೆಗೆ ನಾನು ಮುಟ್ಟುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಣ್ಯಕ್ಕೆ ಬಂದವನಿಗೆ ಅನ್ನ ಕೊಟ್ಟಿದ್ದು ಆ ಸಾಮಾನುಗಳೇ. ವರ್ಷಕ್ಕೊಂದು ದಿನ ಅವಕ್ಕೂ ರಜಾ ಬೇಡವೇ? ಈ ನೇಮ ತಪ್ಪಿದ್ದು ಒಂದೇ ಒಂದು ಸಲ.

ಅವತ್ತು ಶೆಡ್ಡಿನಲ್ಲಿ ಲೇತ್‌ಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಸ್ಪ್ಯಾನರು ಸುತ್ತಿಗೆಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಕುಂಕುಮ ಇಟ್ಟಿದ್ದೆವು. ಹೊರಗೆ ಗಾಡಿಗಳ ಸಾಲು, ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ, ಓನರ್ ಕಾರು ಗೇಟು ದಾಟಿದ್ದೇ ತಡ, ಹಿಂದುಗಡೆ ಬಾಟಲಿಗಳು ಬಿಚ್ಚಿಕೊಂಡವು. ಅದೂ ಹಬ್ಬದ ಪದ್ಧತಿಯೇ ಆಗಿಬಿಟ್ಟಿದೆ. ನಾನು ಕುಡಿಯುವವನಲ್ಲ, ಮಣೆಯ ಹತ್ತಿರ ಕುಳಿತಿದ್ದೆ.

ಸ್ವಲ್ಪ ಹೊತ್ತಿಗೆ ಬಾಗಲಕೋಟೆ ಕಡೆಯ ವೆಲ್ಡರ್ ಹಿಂದುಗಡೆಯಿಂದ ಬಂದ. ರಾಜಗೋಪಾಲನಗರದಲ್ಲಿ ನನ್ನ ಪಕ್ಕದ ಬಾಡಿಗೆ ಕೋಣೆಯವನು. ಬಸುರಿ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬೈಕಿನಲ್ಲಿ ಕೂರಿಸಿಕೊಂಡು ಸಿಂಗಸಂದ್ರದ ನಾದಿನಿಯ ಮನೆಗೆ ಊಟಕ್ಕೆ ಹೊರಡುವವನಿದ್ದ. ಕಣ್ಣು ಕೆಂಪಗಾಗಿತ್ತು.

"ಆಟೋದಲ್ಲಿ ಹೋಗಪ್ಪ" ಎಂದೆ.

"ಯಾಕ? ನನಗೇನಾಗೈತಿ? ನೆಟ್ಟಗ ನಿಂತೀನಿ ನೋಡ್ರಿ." ನಿಂತಿದ್ದ; ಒಂದು ಕೈ ಲೇತ್ ಮೇಲಿತ್ತು.

"ಆ ಕೈ ತೆಗಿ, ನೋಡಾನ."

ಕುಡಿಯುತ್ತಿದ್ದವರು ನಕ್ಕರು. ಅವನ ಮುಖ ಬಿಗಿಯಿತು.

"ಪೊಲೀಸ್ರು ಊದ್ಸೋದು ರಾತ್ರಿ ಮಗಾ, ಈಗ್ಯಾರು ಕೇಳ್ತಾರೆ? ನೀ ಹೋಗು" ಎಂದು ಅವರಲ್ಲೊಬ್ಬ ಹುರಿದುಂಬಿಸಿದ.

"ಪೊಲೀಸ್ರ ಮಾತಲ್ಲ ಕಣೋ" ಎಂದೆ. "ಇವತ್ತು ಎದುರಿಗೆ ಬರೋ ಲಾರಿಯವ್ನೂ ನಿಮ್ಮಂಗೇ ಪೂಜೆ ಮುಗಿಸ್ಕೊಂಡು ಬರ್ತಾವ್ನೆ."

"ನೀವೇನ್ ನಮ್ಮಪ್ಪ ಏನ್ರಿ? ನನ್ನ ಹೇಂತಿ, ನನ್ನ ಗಾಡಿ!" ಎಂದು ವೆಲ್ಡರ್ ಬೆರಳು ತೋರಿಸಿ, ಬಾಯಿ ತೊಳೆಯಲು ನಲ್ಲಿಯ ಕಡೆ ನಡೆದ.

ಬೀಗದ ಕೈ ಅವನ ಜೇಬಿನಲ್ಲಿತ್ತು. ಕಸಿಯಲು ಹೋದರೆ ಹೊಡೆದಾಟವೇ. ಮಣೆಯ ಮೇಲೆ, ಚೆಂಡುಹೂವಿನ ನಡುವೆ, ಗಾಡಿಯ ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್ ಕುಂಕುಮ ಇಟ್ಟುಕೊಂಡು ಮಲಗಿತ್ತು. ಚಾಚಿದ ಕೈ ಅರ್ಧಕ್ಕೇ ನಿಂತಿತು. ಅತ್ತ ಅವನು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಲೇ ಇತ್ತು. ತಪ್ಪಾಯ್ತು ತಾಯಿ ಎಂದುಕೊಂಡು ಎತ್ತಿಕೊಂಡು ಅವನ ಬೈಕಿನತ್ತ ನಡೆದೆ.

ಅವನು ಬಂದು ಕಿಕ್ಕರ್ ಒದ್ದ. ಮತ್ತೆ ಮತ್ತೆ ಒದ್ದ. ಬೈಕಿಗೆ ಹಾಕಿದ್ದ ಹಾರದ ಹೂಗಳು ಉದುರಿದವು, ಗಾಡಿ ಮಾತ್ರ ಕೆಮ್ಮಲೂ ಇಲ್ಲ. ಸಿಟ್ಟಿನಿಂದ ತಿರುಗಿದವನಿಗೆ ನನ್ನ ಬೆರಳಿಗೆ ಅಂಟಿದ ಕುಂಕುಮ ಕಂಡಿತು. ಬಂದವನೇ ಕೊರಳಪಟ್ಟಿ ಹಿಡಿದ.

"ಪೂಜಿ ಸಾಮಾನು ಮುಟ್ಟಿದ್ರಾ? ನೀವು?"

"ಮುಟ್ಟಿದೆ. ಪ್ಲಗ್ ನನ್ನ ಜೇಬಲ್ಲೈತೆ. ಹೊಡಿತೀಯಾ, ಹೊಡಿ."

ಹಿಂದುಗಡೆ ಕುಡಿಯುತ್ತಿದ್ದವರ ನಗು ನಿಂತುಹೋಗಿತ್ತು. ಮುಷ್ಟಿ ಮೇಲೆದ್ದಿತ್ತು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಕೊರಳಪಟ್ಟಿ ಬಿಡದೆಯೇ ಎತ್ತಿದ. ಅಷ್ಟು ಹತ್ತಿರವಿದ್ದ ನನಗೂ ಅವನ ಹೆಂಡತಿಯ ಮಾತು ಕೇಳಿಸಿತು: "ಎಲ್ಲಿ ಅದೀರಿ? ಮಗಳು ಚಪ್ಪಲಿ ಹಾಕ್ಕೊಂಡು ಬಾಗಿಲಾಗ ಕುಂತು ಬಿಟ್ಟಾಳ."

ಅವನು ಬೈಕಿನ ಹಿಂದಿನ ಸೀಟನ್ನೇ ನೋಡುತ್ತಿದ್ದ. ಕೊನೆಗೆ, "ಗಾಡಿ ಚಾಲೂ ಆಗವಲ್ದು" ಎಂದ.

"ಮುಂಜಾನಿ ಚಲೋ ಇತ್ತಲ್ಲ?"

ನಾನೇ ಫೋನಿನತ್ತ ಬಗ್ಗಿದೆ. "ಪ್ಲಗ್ ಕೆಟ್ಟೈತಮ್ಮ. ನಾಳೆ ನಾನೇ ಸರಿ ಮಾಡ್ಕೊಡ್ತೀನಿ. ಇವತ್ತು ಆಟೋದಲ್ಲಿ ಹೋಗಿಬನ್ನಿ."

ಅಂಗಿಯ ಮೇಲಿನ ಹಿಡಿತ ಸಡಿಲವಾಯಿತು.

ಮರುದಿನ ಮರುಪೂಜೆ ಮುಗಿಯುವಾಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ನಾನು ಪ್ಲಗ್ ಹಾಕಲು ಕುಳಿತೆ. ಅವನು ನನ್ನ ಮುಖ ನೋಡದೆ, "ಭಾಳ ಬಿಗಿಬ್ಯಾಡ್ರಿ ಅಣ್ಣಾ. ಮುಂದಿನ ವರ್ಷಾನೂ ಬಿಚ್ಚೋದೈತಿ" ಎಂದ.

"ಮುಂದಿನ ವರ್ಷ ನೀನೇ ಬಿಚ್ಚಿ ನನ್ನ ಕೈಗೆ ಕೊಡು" ಎಂದೆ. "ಪೂಜೆಗೆ ಮೊದ್ಲೇ."