ಪಾತ್ರೆ ಅಂಗಡಿಯಲ್ಲಿ ನಿಂತುಹೋದ ಮಾತು

ಪ್ರತಿ ವರ್ಷ ಕಿರು ಸಾಕ್ಷ್ಯಚಿತ್ರದ ಪಾಠ ಶುರುವಾದ ವಾರವೇ ತರಗತಿಯಲ್ಲಿ ಯಾರಾದರೊಬ್ಬರು ಕೈಯೆತ್ತಿ, "ಮ್ಯಾಮ್, ಸ್ಟ್ರೀಟ್ ಡಾಗ್ಸ್ ಬಗ್ಗೆ ಮಾಡ್ಲಾ?" ಎಂದು ಕೇಳುತ್ತಾರೆ. ಇನ್ನೊಬ್ಬರು ಟ್ರಾಫಿಕ್ ಅನ್ನುತ್ತಾರೆ. ಮತ್ತೊಬ್ಬರಿಗೆ ಕೆರೆಯ ನೊರೆಯೇ ಬೇಕು. ನನಗೆ ಪಿತ್ತ ನೆತ್ತಿಗೇರುತ್ತದೆ. "ನಾಯಿ ನಿಮ್ಮ ಹತ್ರ ಬಂದು ಮಾತಾಡುತ್ತೇನ್ರೀ? ಮಾತಾಡೋ ಒಬ್ಬ ಮನುಷ್ಯನ್ನ ಹುಡುಕ್ಕೊಂಡ್ ಬನ್ನಿ, ಹೋಗಿ" ಎಂದು ಗದರಿಸಿ ಕಳಿಸುತ್ತೇನೆ. ಜಯನಗರದ ಒಂದು ಕಾಲೇಜಿನಲ್ಲಿ ಈ ಕೆಲಸ ಮಾಡುತ್ತ ನನ್ನ ತಲೆ ಬೆಳ್ಳಗಾಯಿತು. ನಾಯಿಗಳ ಕಾಟ ಮಾತ್ರ ತಪ್ಪಲಿಲ್ಲ.

ಹಾಗಾಗಿ ಕಳೆದ ವರ್ಷ ಒಬ್ಬ ಹುಡುಗಿ ಬಂದು, "ಮ್ಯಾಮ್, ನಮ್ಮಪ್ಪನ ಮೇಲೆ ಮಾಡ್ತೀನಿ" ಅಂದಾಗ ನಾನು ಕುರ್ಚಿಯಲ್ಲಿ ಸರಿಯಾಗಿ ಕೂತೆ. ಅವಳಪ್ಪನದು ತಿಲಕ್ ನಗರದ ಕಡೆ ಒಂದು ಪಾತ್ರೆ ಅಂಗಡಿ. ಕೊಂಡ ಪಾತ್ರೆಗೆ ಅವರೇ ಹೆಸರು ಹಾಕಿಕೊಡುತ್ತಾರೆ. ಮದುವೆಗೆ, ಗೃಹಪ್ರವೇಶಕ್ಕೆ, ತೊಟ್ಟಿಲಿಗೆ ಕೊಡುವ ತಟ್ಟೆ ಲೋಟದ ಮೇಲೆ ಇಂಥವರಿಂದ ಇಂಥವರಿಗೆ ಎಂದು ಕೆತ್ತುವ ಕೆಲಸ. ಚಿತ್ರಕ್ಕೆ ಇದಕ್ಕಿಂತ ಏನು ಬೇಕು? ಗರ್ರನೆ ಸದ್ದು ಮಾಡುವ ಪುಟ್ಟ ಮಿಷಿನ್, ಹೊಳೆಯುವ ಸ್ಟೀಲು, ಹೆಸರು ತಪ್ಪಾಯಿತೆಂದು ಜಗಳಕ್ಕೆ ಬರುವ ಗಿರಾಕಿ. ನಾನು ಆಗಲೇ ಮನಸ್ಸಿನಲ್ಲಿ ಅರ್ಧ ಚಿತ್ರ ಎಡಿಟ್ ಮಾಡಿಬಿಟ್ಟಿದ್ದೆ.

ಯೋಜನೆ ಚರ್ಚಿಸಲು ಅವಳನ್ನು ಕಾಲೇಜಿನ ಎದುರಿನ ದರ್ಶಿನಿಗೆ ಕರೆದುಕೊಂಡು ಹೋದೆ. ಬೈ ಟು ಕಾಫಿ ಹೇಳಿ, ಪ್ರತಿ ವಿದ್ಯಾರ್ಥಿಯನ್ನೂ ಕೇಳುವ ಪ್ರಶ್ನೆಯನ್ನೇ ಅವಳನ್ನೂ ಕೇಳಿದೆ: "ಚಿತ್ರ ಮುಗಿಯೋ ಹೊತ್ತಿಗೆ ನಿನಗೆ ಏನು ಸಿಗ್ಬೇಕು?"

ಅವಳು ಲೋಟ ಕೆಳಗಿಟ್ಟಳು. "ನಿಜ ಹೇಳ್ಲಾ ಮ್ಯಾಮ್? ಅಪ್ಪ ಅಕ್ಕನ ಜೊತೆ ಮಾತಾಡ್ಬೇಕು. ಅಷ್ಟೇ."

ಅಕ್ಕ ತಾನೇ ಇಷ್ಟಪಟ್ಟ, ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಅಂದಿನಿಂದ ಅಪ್ಪ ಅವಳ ಹೆಸರೆತ್ತಿಲ್ಲ. ಬೈದಿಲ್ಲ, ಶಪಿಸಿಲ್ಲ, ಸುಮ್ಮನಾಗಿಬಿಟ್ಟಿದ್ದಾರೆ. ಅಕ್ಕನ ಮನೆ ಇರುವುದು ಜೆ.ಪಿ. ನಗರದಲ್ಲಿ, ಅಂಗಡಿಯಿಂದ ಆಟೋದಲ್ಲಿ ಹೋದರೆ ಕಾಫಿ ಆರುವುದರೊಳಗೆ ತಲುಪಬಹುದು. ಈಗ ಅಕ್ಕನಿಗೆ ಹೆಣ್ಣುಮಗು ಹುಟ್ಟಿದೆ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಾಮಕರಣ. "ಅಷ್ಟರೊಳಗೆ ಅಪ್ಪನ ಬಾಯಿಂದ ಒಂದು ಮಾತು ಬಂದ್ರೆ ಸಾಕು ಮ್ಯಾಮ್, ಅಕ್ಕನಿಗೆ ತೋರಿಸ್ತೀನಿ. ಮನೇಲಿ ಕೇಳಿದ್ರೆ ಎದ್ದು ಹೋಗ್ತಾರೆ. ಕ್ಯಾಮೆರಾ ಮುಂದೆ ಎದ್ದು ಹೋಗಲ್ಲ ಅಲ್ವಾ?"

ಎಷ್ಟು ಜಾಣ ಹುಡುಗಿ ಅನ್ನಿಸಿತು. ಅಯ್ಯೋ, ಅನ್ನಿಸಿದ್ದೇನು, ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಇಲ್ಲಿ ನನ್ನ ಒಂದು ಪಾಠದ ವಿಷಯ ಹೇಳಬೇಕು. ಮುಖ್ಯವಾದ ಪ್ರಶ್ನೆಯನ್ನು ಕ್ಯಾಮೆರಾ ಶುರುವಾಗುವ ಮೊದಲು ಕೇಳಬಾರದು. ಜನ ಒಂದು ಸಲ ಮನಸಾರೆ ಹೇಳಿದ್ದನ್ನು ಎರಡನೇ ಸಲ ಹೇಳುವಾಗ ಅದು ತಂಗಳಾಗಿರುತ್ತದೆ. ಅವರಾಗಿಯೇ ಶುರುಮಾಡಿದರೆ ನಯವಾಗಿ ತಡೆಯಬೇಕು, ಬೇರೆ ಮಾತು ತೆಗೆಯಬೇಕು, ರೆಕಾರ್ಡಿಂಗ್ ಶುರುವಾದ ಮೇಲೆ, ನಮ್ಮ ಭಾಷೆಯಲ್ಲಿ ಕ್ಯಾಮೆರಾ 'ರೋಲ್' ಆದ ಮೇಲೆ, ಮತ್ತೆ ಅಲ್ಲಿಗೆ ಬರಬೇಕು. ಈ ಕಸುಬಿನಲ್ಲಿ ಇರುವವರೆಲ್ಲ ಹೀಗೇ ಮಾಡುತ್ತಾರೆ, ನಾನೂ ಹೀಗೇ ಕಲಿತಿದ್ದು. ಎಷ್ಟು ಸಲ ಹೇಳಿದ್ದೇನೆಂದರೆ, ಕ್ಯಾಂಟೀನಿನಲ್ಲಿ ಯಾರಾದರೂ ಗಾಳಿಮಾತು ಶುರುಮಾಡಿದರೆ ಹುಡುಗರು ನನ್ನ ದನಿಯಲ್ಲೇ, "ತಡಿ ಮಗಾ, ರೋಲ್ ಆಗ್ಲಿ" ಎಂದು ಅಣಕಿಸುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಪಾಠ ತಲೆಗೆ ಹೋಗಿದೆಯಲ್ಲ ಅಂತ.

ಚಿತ್ರೀಕರಣದ ದಿನ ನಾನೂ ಹೋದೆ. ಪ್ರತಿ ಗುಂಪಿನ ಜೊತೆಗೂ ಒಂದು ದಿನ ಹೋಗುವುದು ನನ್ನ ರೂಢಿ. ಗಿರಾಕಿಗಳು ಬರುವ ಮೊದಲೇ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎತ್ತಿದ್ದರು. ಅವಳಪ್ಪ ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ಅಂಗಿ ಹಾಕಿಕೊಂಡು, ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿಕೊಂಡು, ಮದುವೆಮನೆಯಲ್ಲಿ ಬೀಗರನ್ನು ಎದುರುಗೊಳ್ಳುವ ಹಾಗೆ ನಿಂತಿದ್ದರು. "ಬನ್ನಿ ಮೇಡಂ, ಕೂತ್ಕೊಳ್ಳಿ. ಏನ್ ತಗೋತೀರಾ? ನಮ್ ಹುಡುಗಿ ಸಿನಿಮಾ ಮಾಡ್ತಾಳೆ ಅಂತ ಬೀದಿಗೆಲ್ಲ ಗೊತ್ತಾಗೋಗಿದೆ" ಎಂದು ನಕ್ಕರು. ನನಗೆ ಕುಕ್ಕರ್ ಡಬ್ಬಗಳ ಪಕ್ಕ ಒಂದು ಸ್ಟೂಲ್ ಹಾಕಿಕೊಟ್ಟರು.

ಅವಳ ಗೆಳತಿ ಕ್ಯಾಮೆರಾದ ಹಿಂದೆ ನಿಂತು ಬೆಳಕು ಸರಿಮಾಡಿಕೊಳ್ಳುತ್ತಿದ್ದಳು. ಇವಳು ಅಪ್ಪನ ಅಂಗಿಗೆ ಪುಟ್ಟ ಮೈಕು ಸಿಕ್ಕಿಸಲು ಎದುರಿಗೆ ಬಗ್ಗಿ ನಿಂತಳು. ವಯರು ಗುಂಡಿಯ ಸಂದಿಗೆ ಸಿಕ್ಕಿಕೊಂಡಿತ್ತು, ಬಿಡಿಸುವುದಕ್ಕೆ ಹೊತ್ತು ಹಿಡಿಯಿತು. ಮಗಳು ಅಷ್ಟು ಹತ್ತಿರ ನಿಂತು ಎಷ್ಟು ದಿನವಾಗಿತ್ತೋ ಏನೋ. ಅಪ್ಪ ಅವಳ ತಲೆಯನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, ಮೆಲ್ಲಗೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ ಹೇಳಿದರು:

"ಪುಟ್ಟಿ, ನಿಮ್ಮಕ್ಕನ ಮದ್ವೆಗೆ ಅಂತ ಹೆಸರು ಹಾಕಿಟ್ಟಿದ್ದ ಬಿಂದಿಗೆ ಒಂದು ಅಟ್ಟದ ಮೇಲೆ ಇದೆ ಕಣೇ. ನಾನು ಮಾರಿಲ್ಲ. ಮೊನ್ನೆ ಇಳಿಸಿ ನೋಡ್ದೆ. ಅದನ್ನ..."

"ಅಪ್ಪ, ಅಪ್ಪ, ಒಂದ್ ನಿಮಿಷ! ತಡಿ, ಇನ್ನೂ ರೋಲ್ ಆಗಿಲ್ಲ. ಆಮೇಲೆ ಹೇಳುವಂತೆ."

ಹಾಗೆ ಹೇಳಿ ಅವಳು ನನ್ನ ಕಡೆ ನೋಡಿದಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಬೇಟೆ ಸಿಕ್ಕಿತು ಮ್ಯಾಮ್ ಎನ್ನುವ ನೋಟ. ನಾನು ಭೇಷ್ ಎಂದು ತಲೆಯಾಡಿಸಿದೆ. ಅಲ್ಲ, ಮನುಷ್ಯ ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದಿದೆ, ನಾವಿಬ್ಬರೂ ಸೇರಿ ಅದಕ್ಕೆ ಸಿಗ್ನಲ್ ಹಾಕಿ ನಿಲ್ಲಿಸುತ್ತಿದ್ದೇವೆ!

ಮೈಕು ಕೂತಿತು. ಗೆಳತಿ ರೆಕಾರ್ಡಿಂಗ್ ಒತ್ತಿದಳು. ಕೆಂಪು ದೀಪ ಹತ್ತಿತು. ಹುಡುಗಿ ನಾನು ಕಲಿಸಿದ ಹಾಗೆಯೇ ನಿಧಾನವಾಗಿ ಕೇಳಿದಳು. "ಹೂಂ, ಈಗ ಹೇಳಪ್ಪ. ಅಕ್ಕನ ಬಿಂದಿಗೆ ವಿಷಯ ಏನೋ ಹೇಳ್ತಿದ್ದಲ್ಲ."

ಅವರು ಕ್ಯಾಮೆರಾ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ಗಿರಾಕಿಗೆ ಹೇಳುವ ದನಿಯಲ್ಲಿ ಶುರುಮಾಡಿದರು. "ಬಿಂದಿಗೆ ಅಂದ್ರೆ ಈಗೆಲ್ಲ ಯಾರೂ ಕೇಳಲ್ಲ. ಮನೆಮನೆಗೂ ಫಿಲ್ಟರ್ ಬಂತಲ್ಲ. ಈಗ ಏನಿದ್ರೂ ಡಿನ್ನರ್ ಸೆಟ್, ಹಾಟ್ ಬಾಕ್ಸು..." ಅಲ್ಲಿಂದ ಸ್ಟೀಲಿನ ದರ, ಆನ್‌ಲೈನಿನ ಹಾವಳಿ, ಅಂಗಡಿ ಬಾಡಿಗೆ ಎಲ್ಲ ಬಂತು. ಬಹಳ ಚೆನ್ನಾಗಿ ಮಾತಾಡಿದರು. ಅವಳು ಸುತ್ತಿ ಬಳಸಿ ಮತ್ತೆ ಅಕ್ಕನ ಹತ್ತಿರ ಬಂದಾಗ ಒಂದು ತಟ್ಟೆ ಎತ್ತಿಕೊಂಡು, "ಹೆಸರು ಹಾಕೋದು ತೋರಿಸ್ಲಾ? ಅದು ನಿಮ್ ಸಿನಿಮಾಗೆ ಚೆನ್ನಾಗಿರುತ್ತೆ" ಎಂದು ಮಿಷಿನ್ ಶುರುಮಾಡಿಬಿಟ್ಟರು. ಆ ಗರ್ರ್ ಸದ್ದಿನಲ್ಲಿ ಮುಂದಿನ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ.

ಮನೆಗೆ ಹೋದ ಮೇಲೂ ಅವಳು ಬಿಡಲಿಲ್ಲವಂತೆ. ಊಟಕ್ಕೆ ಕೂತಾಗ ಕೇಳಿದಳು, ಮಾರನೆಯ ದಿನ ಕಾಫಿ ಕೊಡುವಾಗ ಕೇಳಿದಳು, ಅಮ್ಮನ ಕೈಲೂ ಕೇಳಿಸಿದಳು. "ಏನೂ ಇಲ್ಲ ಬಿಡು. ಶೂಟಿಂಗ್ ಮುಗೀತಲ್ಲ" ಎಂದಷ್ಟೇ ಉತ್ತರ. ಆ ಬಿಂದಿಗೆಯನ್ನು ಅಕ್ಕನಿಗೆ ಕೊಡೋಣ ಅನ್ನುವುದಕ್ಕೆ ಹೊರಟಿದ್ದರೋ, ಹೆಸರು ಅಳಿಸಿ ಮಾರಿಬಿಡ್ತೀನಿ ಅನ್ನುವುದಕ್ಕೆ ಹೊರಟಿದ್ದರೋ ದೇವರೇ ಬಲ್ಲ. ಮೊದಲನೆಯದೇ ಇರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಆ ದನಿ ಕೇಳಿದ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಆದರೆ ಅನ್ನಿಸಿದ್ದನ್ನು ಅಕ್ಕನಿಗೆ ತೋರಿಸುವುದು ಹೇಗೆ?

ಎಡಿಟಿಂಗ್ ಕೋಣೆಯಲ್ಲಿ ಅವಳೂ ನಾನೂ ಹೆಡ್‌ಫೋನ್ ಹಾಕಿಕೊಂಡು ಹುಡುಕಿದೆವು. ಗೆಳತಿ ಪರೀಕ್ಷೆಗೆಂದು ಒಂದು ಸಲ ಗುಂಡಿ ಒತ್ತಿರಬಹುದೇ, ಒಂದು ಚೂರಾದರೂ ಸಿಕ್ಕಿರಬಹುದೇ ಎಂಬ ಆಸೆ. ಏನೂ ಇರಲಿಲ್ಲ. ಮೊದಲ ತುಣುಕು ಶುರುವಾಗುವುದೇ ಅವಳ ದನಿಯಿಂದ: "ಹೂಂ, ಈಗ ಹೇಳಪ್ಪ." ಅದನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದಳು. ಕೊನೆಗೆ ನಾನೇ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದೆ.

ಚಿತ್ರ ಸೊಗಸಾಗಿ ಬಂತು, ಅದೇ ಇನ್ನೂ ದೊಡ್ಡ ಕಷ್ಟ. ನೋಡಿದವರೆಲ್ಲ, "ಸಖತ್ತಾಗಿದೆ, ನಿಮ್ಮಪ್ಪ ಕ್ಯಾಮೆರಾ ಮುಂದೆ ಎಷ್ಟು ಸಲೀಸು!" ಎಂದು ಹೊಗಳಿದರು. ಹೊರಗಿನಿಂದ ಬಂದ ಪರೀಕ್ಷಕರು ಕೈ ಕುಲುಕಿದರು. ನಾನು ಅವಳಿಗೆ ತರಗತಿಯಲ್ಲೇ ಅತಿ ಹೆಚ್ಚಿನ ಅಂಕ ಕೊಟ್ಟೆ. ಬೇರೆ ಏನು ಕೊಡುವುದಕ್ಕೆ ನನ್ನ ಹತ್ತಿರ ಇತ್ತು?

ನಾಮಕರಣಕ್ಕೆ ಅವಳು ನನ್ನನ್ನೂ ಕರೆದಳು. ಜೆ.ಪಿ. ನಗರದ ಎರಡನೇ ಮಹಡಿಯ ಮನೆ, ಹಾಲ್ ತುಂಬ ಜಮಖಾನ, ಅಳಿಯನ ಕಡೆಯ ನೆಂಟರು. ಅವಳಮ್ಮ ದೇವಸ್ಥಾನಕ್ಕೆ ಹೋಗುತ್ತೇನೆಂದು ಹೇಳಿ ಬಂದಿದ್ದರು. ಅಪ್ಪ ಬಂದಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದ ಸದ್ದಾದಾಗಲೆಲ್ಲ ಅಮ್ಮ, ಮಕ್ಕಳು ಮೂವರೂ ಬಾಗಿಲ ಕಡೆ ತಿರುಗುತ್ತಿದ್ದರು. ಆಮೇಲೆ ಎಲೆ ಹಾಕಿದರು. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ಆಮೇಲೆ ಯಾರೂ ಬಾಗಿಲ ಕಡೆ ನೋಡಲಿಲ್ಲ.

ನೆಂಟರು ಹೊರಟ ಮೇಲೆ ಅಕ್ಕ ಒಳಕೋಣೆಯಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ತಂಗಿಯ ಲ್ಯಾಪ್‌ಟಾಪಿನಲ್ಲಿ ಚಿತ್ರ ನೋಡಿದಳು. ನಾನೂ ಮಂಚದ ತುದಿಯಲ್ಲಿ ಕೂತಿದ್ದೆ. ಅಪ್ಪನ ಮುಖ ಕಂಡೊಡನೆ ಅವಳು, "ಸೊರಗಿದ್ದಾರೆ ಅಲ್ವಾ?" ಅಂದಳು.

ಮುಗಿದ ಮೇಲೆ ಕೇಳಿದಳು. "ನನ್ ಬಗ್ಗೆ ಏನೂ ಹೇಳ್ಲೇ ಇಲ್ವಾ?"

ತಂಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಬಿಂದಿಗೆಯ ವಿಷಯ ಪೂರ್ತಿ ಹೇಳಿದಳು. ಅಟ್ಟದ ಮೇಲೆ ಇರುವುದು, ಮಾರದೆ ಇಟ್ಟಿರುವುದು, ಮೊನ್ನೆ ಇಳಿಸಿ ನೋಡಿದ್ದು, 'ಅದನ್ನ' ಎಂದು ಏನೋ ಶುರುಮಾಡಿದ್ದು, ಎಲ್ಲ. ಅಕ್ಕನ ಮುಖ ಅರಳುತ್ತ ಬಂತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ, ಮುಂದೇನು ಬರುತ್ತದೆಂದು ನನಗೆ ಗೊತ್ತಿತ್ತು.

"ಅದನ್ನ ಅಂದ್ರಾ? ಅದನ್ನ... ಆಮೇಲೆ?"

"ಆಮೇಲೆ ನಾನು ತಡಿ ಅಂದೆ ಕಣೇ. ಕ್ಯಾಮೆರಾ ಆನ್ ಆಗಿರ್ಲಿಲ್ಲ."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನಿಜವಾಗಿಯೂ ಅರ್ಥವಾಗದೆ ತಂಗಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಕ್ಯಾಮೆರಾ ಆನ್ ಆಗಿರ್ಲಿಲ್ಲ, ಸರಿ. ನೀನಿದ್ದೆ ಅಲ್ವೇನೇ ಅಲ್ಲಿ?"