ಗಿಟುಕು ಕೇಳುವ ಕಿವಿ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನಾನು ಹೇಳಿಬಿಡುತ್ತಿದ್ದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿದ್ದ ಕಾಯಿಯ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಅದು ಗಿಟುಕು. ಒಡೆಯಬಹುದು. ಒಂದಿಷ್ಟು ನೀರಿನ ಸದ್ದು ಬಂದರೂ ಅದು ಮತ್ತೆ ಅಟ್ಟಕ್ಕೆ. ಹಾಲ್ಕುರಿಕೆ ಕಡೆಯ ನಮ್ಮೂರಿನಲ್ಲಿ ಅಕ್ಕಪಕ್ಕದವರೂ ಅನುಮಾನದ ಕಾಯಿಗಳನ್ನು ತಂದು ನನ್ನ ಕಿವಿಗೆ ಹಿಡಿಯುತ್ತಿದ್ದರು. ಹೈಸ್ಕೂಲು ಓದಿದವನು ಎಂಬುದಕ್ಕಿಂತ ಈ ಕಿವಿಯ ಬಗ್ಗೆ ನನಗೆ ಹೆಚ್ಚು ಜಂಬವಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕರೆದರೆ ನನ್ನ ಹೆಂಡತಿ ಓಗೊಡುವುದು ಕಡಿಮೆಯಾಗಿತ್ತು. “ಕಿವಿ ತವರಲ್ಲಿ ಬಿಟ್ಟು ಬಂದಿದ್ದೀಯೇನೇ?” ಎಂದು ರೇಗುತ್ತಿದ್ದೆ. ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಅದು ಸೊಕ್ಕು ಎಂದೇ ನಾನು ತಿಳಿದಿದ್ದೆ.

ಒಂದು ವರ್ಷ ಕಾಯಿ ಆರಿಸಲು ಅವಳನ್ನು ಅಟ್ಟ ಹತ್ತಿಸಿದೆ. ಅವಳು ಆರಿಸಿ ಕೆಳಗೆ ಹಾಕಿದ ಕಾಯಿಗಳ ಚಿಪ್ಪನ್ನು ಅಂಗಳದಲ್ಲಿ ಕೂಲಿ ಹೆಂಗಸರು ಒಡೆಯುತ್ತಿದ್ದರು. ಒಬ್ಬಾಕೆ ಮಚ್ಚು ಹಾಕಿದ್ದೇ ಕಾಯಿಯಿಂದ ಹುಳಿ ನೀರು ಚಿಮ್ಮಿ ಆಕೆಯ ಮುಖಕ್ಕೂ ಒಣಗಿದ ಕೊಬ್ಬರಿಗೂ ಸಿಡಿಯಿತು.

“ಏನಣ್ಣೋ, ಗಿಟುಕು ಅಂತ ಎಳನೀರು ಕೊಡ್ತೀಯಲ್ಲ!”

ಎಲ್ಲರೂ ನಕ್ಕರು. ಮುಂದಿನದೂ ನೀರುಗಾಯಿ. ಹೆಂಡತಿಯನ್ನು ಕೆಳಗಿಳಿಸಿ, ಅಷ್ಟು ಜನರೆದುರು ಕೆನ್ನೆಗೆ ಹೊಡೆದೆ. ಅಂದಿನಿಂದ ಅವಳೊಡನೆ ಮಾತು ಬಿಟ್ಟೆ. ಅವಳು ಬಡಿಸುತ್ತಿದ್ದಳು, ನಾನು ಉಂಡು ಏಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದೆವು. ಅವಳು ನನಗೆ ಬೆನ್ನು ಹಾಕಿ ಬಿದ್ದ ಕಾಯಿ ಆಯುತ್ತ ಒಂದು ಮರದ ಬುಡಕ್ಕೆ ಸರಿದಳು. ಗರಿಯ ಮರೆಯಲ್ಲಿ ಮರ ಹತ್ತಿದವನಿಗೆ ಕೆಳಗೆ ಕಾಣದು. “ಗೊನೆ ಬತ್ತದೆ, ದೂರ ಹೋಗ್ರಪ್ಪೋ!” ಎಂದು ಕೂಗಿದ. ಅವನು ಕೂಗಿದ್ದಾನೆ, ಸರಿಯುತ್ತಾಳೆ, ನಾನೇಕೆ ಮೊದಲು ಮಾತಾಡಲಿ ಎಂದು ಸುಮ್ಮನಿದ್ದೆ. ಅವಳು ಸರಿಯಲಿಲ್ಲ. ಆಗ ಗಂಟಲು ಹರಿಯುವಂತೆ ಕಿರುಚಿದೆ. ಎಂಥ ಹಟಮಾರಿಯ ಭುಜವಾದರೂ ಆ ಕೂಗಿಗೆ ಅದುರಬೇಕು. ಅವಳದು ಅದುರಲಿಲ್ಲ. ಗೊನೆ ನೆಲಕ್ಕೆ ಬೀಳುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು. ಅಷ್ಟು ವರ್ಷ ಜೊತೆಗಿದ್ದೂ ನಾನು ಅವಳನ್ನು ಸರಿಯಾಗಿ ನೋಡಿದ್ದು ಆ ಒಂದು ಗಳಿಗೆ ಮಾತ್ರ.

ಗೊನೆ ತಲೆ ತಪ್ಪಿ ಹೆಗಲಿಗೆ ಬಡಿದಿತ್ತು. ತಿಪಟೂರಿನ ಡಾಕ್ಟರು ಮೂಳೆ ಕಟ್ಟುತ್ತ, “ಎಷ್ಟು ವರ್ಷದಿಂದ ಇವರಿಗೆ ಕಿವಿ ಕೇಳಿಸ್ತಿಲ್ಲ?” ಎಂದು ನನ್ನನ್ನು ಕೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳ ಎದುರು ಕುಕ್ಕರಗಾಲಲ್ಲಿ ಕೂತು, “ಯಾಕೆ ಹೇಳಲಿಲ್ಲ?” ಎಂದೆ. ಅವಳು ನನ್ನ ತುಟಿ ನೋಡಿದಳು.

“ಹೇಳಿದ್ರೆ ಕಿವುಡಿ ಅನ್ನೋರು. ಸೊಕ್ಕಿನೋಳು ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು, ಬುಡಿ.”

ಹೆಗಲು ಕೂಡಿತು. ಆದರೆ ಆ ಕೈ ಮತ್ತೆಂದೂ ತಲೆಯ ಮೇಲಕ್ಕೆ ಏಳಲಿಲ್ಲ. ಮುಂದಿನ ವರ್ಷ ಇಬ್ಬರೂ ಅಟ್ಟ ಹತ್ತಿದೆವು. ಅವಳು ಕಾಯಿಯನ್ನು ನನ್ನ ಅಂಗೈಗಿಟ್ಟು, ಮೇಲೆ ತನ್ನ ಕೈ ಮುಚ್ಚಿ ಅಲ್ಲಾಡಿಸಿದಳು. “ನೋಡಿ, ಗಿಟುಕಾದ್ರೆ ಕೈಗೆ ತಟ್ಟತ್ತೆ. ನೀರಿದ್ರೆ ಬರೀ ತುಳುಕತ್ತೆ. ಆವತ್ತು ಗಡಿಬಿಡೀಲಿ ಎರಡು ತಪ್ಪಿದ್ವು.” ಅಂದರೆ ಆ ದಿನ ಕೆಳಗೆ ಬಿದ್ದ ಒಳ್ಳೆಯ ಕಾಯಿಗಳನ್ನೆಲ್ಲ ಅವಳು ಬರಿಗೈಯಲ್ಲೇ ಆರಿಸಿದ್ದಳು.

“ತಪ್ಪಾಯ್ತು ಕಣೇ” ಎಂದೆ. ಆದರೆ ಕಾಯಿಯ ರಾಶಿಯ ಕಡೆ ಮುಖ ತಿರುಗಿಸಿಕೊಂಡು ಹೇಳಿದೆ. ಅವಳಿಗೆ ಕೇಳಿಸದು ಎಂದು ಗೊತ್ತಿದ್ದೇ ಹಾಗೆ ಹೇಳಿದೆ. ಅವಳು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

ಆಮೇಲೆ ಉಪ್ಪು, ಮಳೆ, ನೆಂಟರು ಎಂದು ಸಾವಿರ ಮಾತನ್ನು ಅವಳ ಎದುರು ನಿಂತೇ ಆಡಿದ್ದೇನೆ. ಆ ಒಂದನ್ನು ಮಾತ್ರ ಆಡಿಲ್ಲ. ದಣಿದಿದ್ದೇನೆ. ಬರೆದಾದರೂ ಕೊಡೋಣವೆಂದು ಇಷ್ಟು ಬರೆದೆ. ಅವಳಿಗೆ ಓದಲು ಬರುವುದಿಲ್ಲ. ಹೊರಗೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಎದ್ದು ಹೋಗಿ ಅವಳ ಎದುರಿಗೇ ಕೂರಬೇಕು.