ಹೊಸ್ತಿಲಿಗೆ ಹೊಡೆದ ಲಾಳ

ದೂರದ ಓಟಕ್ಕೆ ಕುದುರೆ ತಯಾರು ಮಾಡೋನು ಲಾಳದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಲೇಬೇಕು. ಕಬ್ಬಿಣದ್ದು ಬಾಳಿಕೆ ಬರುತ್ತೆ, ಆದರೆ ಭಾರ. ಹಗುರ ಇರಲಿ ಅಂತ ನಾನು ಬೆಂಗಳೂರಿನಿಂದ ಅಲ್ಯೂಮಿನಿಯಂ ಲಾಳ ತರಿಸಿ ಕಟ್ಟಿಸಿದ್ದೆ. ಸ್ಪರ್ಧೆ ಹತ್ತಿರ ಬಂದಾಗ, ಶಿವಮೊಗ್ಗದಿಂದ ಭದ್ರಾವತಿಗೆ ಅಭ್ಯಾಸಕ್ಕೆ ಹೋಗಿದ್ದವನು ಅಲ್ಲಿನ ಓಲ್ಡ್ ಟೌನ್ ದಾಟಿದ ಮೇಲೆ ನೋಡಿದರೆ ಒಂದು ಲಾಳ ಇಲ್ಲ! ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಸ್ಟಾಕ್ ಇಲ್ಲ ಅಂದರು. ಕುದುರೆಯನ್ನು ನಡೆಸಿಕೊಂಡು ಬಂದ ದಾರಿಯಲ್ಲೇ ಹುಡುಕುತ್ತಾ ಹೊರಟೆ.

ಲಾಳ ಸಿಕ್ಕಿತು, ಒಂದು ಮನೆಯ ಹೊಸ್ತಿಲ ಮೇಲೆ. ಆಗಲೇ ಮೊಳೆ ಹೊಡೆದು ಅರಿಶಿನ ಕುಂಕುಮ ಹಚ್ಚಿಯಾಗಿತ್ತು.

"ಅದು ನಮ್ಮ ಕುದುರೇದು ಅಜ್ಜಿ," ಅಂದೆ.

"ಇರಬಹುದು ಮಾರಾಯ. ತಾನಾಗೇ ಬಿದ್ದು ಬಾಗಿಲಿಗೆ ಬಂದಿದೆ, ಇನ್ನು ಕೀಳಬಾರದು," ಅಂದರು ಮನೆಯ ಅಜ್ಜಿ.

ಕುದುರೆಯ ಕಾಲೆತ್ತಿ ಬರೀ ಗೊರಸು ತೋರಿಸಿದೆ. "ಅಯ್ಯೋ ಪಾಪ" ಅಂದರೇ ಹೊರತು ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಅಲ್ಯೂಮಿನಿಯಂ ಲಾಳ ಇಲ್ಲೆಲ್ಲೂ ಸಿಗಲ್ಲ ಅಜ್ಜಿ," ಅಂತ ಕೊನೆಗೆ ಗೋಗರೆದೆ.

ಅಜ್ಜಿಯ ಮುಖ ಬದಲಾಯಿತು. "ಕಬ್ಬಿಣ ಅಲ್ವಾ ಇದು? ಅದಕ್ಕೇ ಅಷ್ಟು ಹಗುರ! ಇದಕ್ಕೆ ಶನಿ ಹೆದರ್ತಾನಾ?"

ಸುತ್ತಿಗೆ ತಂದು ತಾವೇ ಕಿತ್ತು ನನ್ನ ಕೈಗಿಟ್ಟರು. "ಕಬ್ಬಿಣದ ಊರಿಗೆ ಪಾತ್ರೆ ತಗಡು ಕಟ್ಟಿಕೊಂಡು ಬಂದಿದ್ದೀಯಲ್ಲೋ! ಮುಂದಿನ ಸಲ ಕಬ್ಬಿಣದ್ದು ಹಾಕಿಸಿಕೊಂಡು ಇದೇ ದಾರೀಲಿ ಬಾ."

ಸ್ಪರ್ಧೆ ಮುಗಿದ ಮೇಲೆ ಕಬ್ಬಿಣಕ್ಕೇ ಬದಲಾಯಿಸಿದೆ. ಆ ದಾರಿಯಲ್ಲಿ ಹೋದಾಗೆಲ್ಲ ಅಜ್ಜಿ ಬಾಗಿಲಿಗೆ ಬಂದು ನಗುತ್ತಾ ಮಾತಾಡಿಸುತ್ತಿದ್ದರು, ಕಣ್ಣು ಮಾತ್ರ ಕುದುರೆಯ ಕಾಲ ಮೇಲೆ. ನಾನೂ ಅವರ ಬೀದಿ ಬರೋ ಮುಂಚೆ ಒಮ್ಮೆ ಇಳಿದು, ಮೊಳೆ ಬಿಗಿಯಾಗಿವೆಯಾ ಅಂತ ನೋಡಿಕೊಳ್ಳುತ್ತಿದ್ದೆ.